ಬಾಕ್ಸಿನ ಮೇಲೆ ‘ಜಿಪಿಎಸ್’ ಅಂತಿದ್ದರೆ ವಾಚಿನೊಳಗೆ ಇದೆ ಅಂತಲ್ಲ

ಓಟಕ್ಕೆ ಅಂತ ವಾಚ್ ಹುಡುಕುತ್ತಿರುವವರು ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ. ಮೂರೂವರೆ ಸಾವಿರದ ಒಂದು ವಾಚ್, ಹೆಸರು ಬೇಡ. ಬಾಕ್ಸಿನ ಮುಂದೆ ದಪ್ಪಕ್ಷರದಲ್ಲಿ ‘ಜಿಪಿಎಸ್’, ನೂರೆಂಟು ಸ್ಪೋರ್ಟ್ಸ್ ಮೋಡ್, ಸಣ್ಣ ಕೈಗೂ ಒಪ್ಪುವ ಗಾತ್ರ. ಅದನ್ನು ಕಟ್ಟಿಕೊಂಡು ಹನ್ನೆರಡು ವಾರ ಹಾಫ್ ಮ್ಯಾರಥಾನ್ (21.1 ಕಿಲೋಮೀಟರ್) ಅಭ್ಯಾಸ ಮಾಡಿದ ಓಟಗಾರ್ತಿಯೊಬ್ಬರಿಗೆ ರೇಸಿನ ದಿನ 9ನೇ ಕಿಲೋಮೀಟರ್ ಬೋರ್ಡಿನ ಹತ್ತಿರ ವಾಚ್ 10 ತೋರಿಸಿತು. ಬೋರ್ಡನ್ನೇ ತಪ್ಪು ಜಾಗದಲ್ಲಿ ನೆಟ್ಟಿರಬೇಕು ಅಂದುಕೊಂಡು ಮುಂದೆ ಹೋದರು. ವಾಚಿನಲ್ಲಿ 21.1 ಬಂದಾಗ ಬೋರ್ಡ್ 19 ಅಂತಿತ್ತು. ಇನ್ನೂ ಎರಡು ಕಿಲೋಮೀಟರ್ ಬಾಕಿ, ಕಾಲಲ್ಲಿ ಕಸುವಿಲ್ಲ.

ವಾಚ್ ಕೆಟ್ಟಿರಲಿಲ್ಲ. ಅದರಲ್ಲಿ ಉಪಗ್ರಹಗಳ ಸಿಗ್ನಲ್ ಹಿಡಿಯುವ ಜಿಪಿಎಸ್ ರಿಸೀವರೇ ಇರಲಿಲ್ಲ.

ಬಾಕ್ಸಿನ ಹಿಂಭಾಗದ ಸಣ್ಣಕ್ಷರದಲ್ಲಿ ‘ಕನೆಕ್ಟೆಡ್ ಜಿಪಿಎಸ್’ ಅಂತಿತ್ತು. ಅಂದರೆ ಫೋನ್ ಜೊತೆಗಿದ್ದರೆ ಅದರ ಜಿಪಿಎಸ್ಸನ್ನು ಎರವಲು ಪಡೆಯುತ್ತೇನೆ ಅಂತ. ಫೋನ್ ಮನೆಯಲ್ಲಿ ಬಿಟ್ಟು ಓಡಿದರೆ ಇಂಥ ವಾಚ್ ಸುಮ್ಮನಾಗುವುದಿಲ್ಲ, ಹಾಗೆ ಸುಮ್ಮನಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅದು ಹೆಜ್ಜೆ ಎಣಿಸಿ, ತಾನೇ ಊಹಿಸಿದ ಹೆಜ್ಜೆಯ ಉದ್ದದಿಂದ ಗುಣಿಸಿ ದೂರ ತೋರಿಸುತ್ತದೆ. ಈ ಊಹೆ ಸಾಮಾನ್ಯವಾಗಿ ಆ್ಯಪಿನಲ್ಲಿ ತುಂಬಿದ ನಿಮ್ಮ ಎತ್ತರದಿಂದ ಬಂದದ್ದು. ನಿಮಿಷಕ್ಕೆ 170 ಹೆಜ್ಜೆ, ವಾಚಿನ ಲೆಕ್ಕದಲ್ಲಿ ಒಂದು ಹೆಜ್ಜೆ 98 ಸೆಂಟಿಮೀಟರ್ ಅಂದರೆ ಪೇಸ್ (ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ) ಸರಿಯಾಗಿ 6 ನಿಮಿಷ. ನಿಜವಾದ ಹೆಜ್ಜೆ 88 ಸೆಂಟಿಮೀಟರ್ ಇದ್ದರೆ ಪೇಸ್ 6:41. ಹತ್ತು ಸೆಂಟಿಮೀಟರ್ ಅಂತರ, ಅಷ್ಟಕ್ಕೇ ಹತ್ತು ಕಿಲೋಮೀಟರಿನಲ್ಲಿ ಒಂದು ಕಿಲೋಮೀಟರ್ ಮಾಯ. ಸುಸ್ತಾದಾಗ, ಏರು ಹತ್ತುವಾಗ ಹೆಜ್ಜೆ ಇನ್ನೂ ಮೋಟಾಗುತ್ತದೆ. ವಾಚಿಗೆ ಅದರ ಪರಿವೆಯೇ ಇಲ್ಲ.

ಫೋನ್ ಹಿಡಿದುಕೊಂಡೇ ಓಡುತ್ತೇನೆ ಅನ್ನುವವರಿಗೂ ಇದು ಪೂರ್ತಿ ಪರಿಹಾರವಲ್ಲ. ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಸದ್ದಿಲ್ಲದೆ ಮುಚ್ಚುತ್ತವೆ. ಆಮೇಲೆ ಮ್ಯಾಪ್ ನೋಡಿದರೆ ಕೆರೆ ಸುತ್ತ ಓಡಿದವರು ಕೆರೆಯ ನೀರಿನ ಮೇಲೇ ನೆಟ್ಟಗೆ ದಾಟಿದಂತೆ ಗೆರೆ. ಆ್ಯಪಿಗೆ ಲೊಕೇಶನ್ ಅನುಮತಿ ‘ಯಾವಾಗಲೂ’ ಅಂತ ಕೊಟ್ಟು, ಬ್ಯಾಟರಿ ನಿರ್ಬಂಧ ತೆಗೆದರೆ ಸ್ವಲ್ಪ ಸುಧಾರಿಸುತ್ತದೆ.

ಕೊಳ್ಳುವಾಗ ಹುಡುಕಬೇಕಾದ ಪದ ‘ಬಿಲ್ಟ್-ಇನ್ ಜಿಪಿಎಸ್’. ಅಂಗಡಿಯವರು “ಜಿಪಿಎಸ್ ಇದೆ ಸಾರ್” ಅಂದರೆ ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಅವರು ಓದಿರುವುದೂ ಬಾಕ್ಸಿನ ಮುಂಭಾಗವನ್ನೇ. ಪರೀಕ್ಷೆ ಸುಲಭ. ಫೋನಿನ ಬ್ಲೂಟೂತ್ ಆಫ್ ಮಾಡಿ, ಬಯಲಿಗೆ ಬಂದು ‘ಔಟ್‌ಡೋರ್ ರನ್’ ಒತ್ತಿ. ಫೋನ್ ಜೋಡಿಸಿ ಅಂತ ಕೇಳಿದರೆ ಅಲ್ಲಿಗೇ ಮುಗಿಯಿತು. ಕೇಳದೆ ಶುರುವಾದರೂ ನಂಬಬೇಡಿ. ಸ್ಕೂಟರಿನ ಹಿಂದೆ ಕೂತು, ಕೈ ಅಲ್ಲಾಡಿಸದೆ ಒಂದು ಕಿಲೋಮೀಟರ್ ಹೋಗಿ ಬನ್ನಿ. ಹೆಜ್ಜೆ ಎಣಿಸುವ ವಾಚ್ ಸೊನ್ನೆಯ ಆಸುಪಾಸಿನಲ್ಲೇ ನಿಂತಿರುತ್ತದೆ. ನಿಜವಾದ ಜಿಪಿಎಸ್ ಇದ್ದರೆ ಒಂದು ಕಿಲೋಮೀಟರ್ ತೋರಿಸುತ್ತದೆ, ಆಮೇಲೆ ಫೋನಿಗೆ ಸಿಂಕ್ ಮಾಡಿದಾಗ ಮ್ಯಾಪಿನಲ್ಲಿ ಗೆರೆಯೂ ಬರುತ್ತದೆ.

ಹೊಸ ವಾಚ್ ಸಿಗ್ನಲ್ ಹಿಡಿಯಲು ತಡ ಮಾಡಿದರೆ ಅದನ್ನೇ ದೋಷ ಅನ್ನಬೇಡಿ. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಬಿತ್ತರಿಸುತ್ತದೆ, ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಮೊದಲ ಸಲ ಮೈದಾನದಲ್ಲಿ ಕಾಲು ಗಂಟೆ ಬಿಡಿ. ಆಮೇಲೆ ಫೋನಿನೊಂದಿಗೆ ಸಿಂಕ್ ಆಗುತ್ತಿದ್ದರೆ ಮುಂದಿನ ಕೆಲವು ದಿನಗಳ ಕಕ್ಷೆಯ ಮಾಹಿತಿ ವಾಚಿಗೆ ಮೊದಲೇ ಇಳಿದಿರುತ್ತದೆ, ಸೆಕೆಂಡುಗಳಲ್ಲಿ ಸಿಗ್ನಲ್ ಸಿಗುತ್ತದೆ. ಎಷ್ಟೋ ಜನ ತಿಂಗಳುಗಟ್ಟಲೆ ಸಿಂಕ್ ಮಾಡದೆ ರೇಸಿನ ಬೆಳಗ್ಗೆ ಆಕಾಶಕ್ಕೆ ಕೈ ಎತ್ತಿಕೊಂಡು ನಿಂತಿರುತ್ತಾರೆ.

ರಿಸೀವರ್ ಇದ್ದ ವಾಚುಗಳಲ್ಲೂ ಎರಡು ಬಗೆ. ಹಳೆಯ ಮತ್ತು ಅಗ್ಗದವು 1575.42 ಮೆಗಾಹರ್ಟ್ಸ್‌ನ ಎಲ್1 ಅನ್ನುವ ಉಪಗ್ರಹ ಸಿಗ್ನಲ್ ಒಂದನ್ನೇ ಕೇಳುತ್ತವೆ. ಡ್ಯುಯಲ್ ಬ್ಯಾಂಡ್ ವಾಚುಗಳು 1176.45ರ ಎಲ್5ನ್ನೂ ಕೇಳುತ್ತವೆ. ಎತ್ತರದ ಕಟ್ಟಡಕ್ಕೆ ಬಡಿದು ತಡವಾಗಿ ಬಂದ ಸಿಗ್ನಲ್ ಯಾವುದು, ನೇರ ಬಂದದ್ದು ಯಾವುದು ಅಂತ ಬೇರ್ಪಡಿಸಲು ಎಲ್5 ಸಹಾಯವಾಗುತ್ತದೆ. ಕಬ್ಬನ್ ಪಾರ್ಕಿನ ಮರಗಳಡಿ, ಎಂ.ಜಿ. ರಸ್ತೆಯ ಮೆಟ್ರೊ ಮಾರ್ಗದ ಪಕ್ಕ ಓಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಳ್ಳಿಯ ಬಯಲು ರಸ್ತೆಯಲ್ಲಿ ಓಡುವವರು ಅದಕ್ಕೆ ಹೆಚ್ಚು ದುಡ್ಡು ಸುರಿಯಬೇಕಿಲ್ಲ. ಸಣ್ಣ ಗಾತ್ರದವುಗಳಲ್ಲಿ ಗಾರ್ಮಿನ್ ಫೋರ್‌ರನ್ನರ್ 55 ಮತ್ತು 165 ಒಂದೇ ಬ್ಯಾಂಡಿನವು. 255ಎಸ್, 265ಎಸ್, ಕೋರೋಸ್ ಪೇಸ್ 3 ಎರಡು ಬ್ಯಾಂಡಿನವು. ಪೇಸ್ 3 ಬಟ್ಟೆಪಟ್ಟಿಯೊಂದಿಗೆ 30 ಗ್ರಾಂ, 255ಎಸ್ 39 ಗ್ರಾಂ.

ವಾಚ್ ಚಿಕ್ಕದಾದರೆ ಬ್ಯಾಟರಿಯೂ ಚಿಕ್ಕದು. ಜಾಹೀರಾತಿನ ‘7 ದಿನ’ ಬರೀ ಗಡಿಯಾರವಾಗಿದ್ದರೆ ಮಾತ್ರ. ನೋಡಬೇಕಾದ್ದು ಜಿಪಿಎಸ್ ಚಾಲೂ ಇದ್ದಾಗಿನ ಗಂಟೆ. ಐದಾರು ಗಂಟೆಯಲ್ಲಿ ಫುಲ್ ಮ್ಯಾರಥಾನ್ ಮುಗಿಸುವವರು ಕಾಗದದ ಮೇಲೆ ಅದರ ಎರಡರಷ್ಟಾದರೂ ಇರುವುದನ್ನು ಕೊಳ್ಳಲಿ, ವರ್ಷ ಕಳೆದಂತೆ ಬ್ಯಾಟರಿ ಸವೆಯುತ್ತದೆ. ಬಟನ್ ಇಲ್ಲದ, ಬರೀ ಟಚ್ ವಾಚ್ ಓಟಕ್ಕೆ ಬೇಡವೇ ಬೇಡ. ಮಂಗಳೂರಿನ ಸೆಕೆಯಲ್ಲಿ, ಮಳೆಯಲ್ಲಿ ಒದ್ದೆ ಬೆರಳಿಗೆ ಲ್ಯಾಪ್ (ಓಟದ ಒಂದೊಂದು ಭಾಗದ ಸಮಯದ ಗುರುತು) ಬೀಳುವುದಿಲ್ಲ, ತೋಳಿನ ಬಟ್ಟೆ ತಾಗಿ ಓಟವೇ ನಿಂತುಹೋಗುತ್ತದೆ.

ಎದೆಬಡಿತದ ಲೆಕ್ಕದಲ್ಲೂ ಒಂದು ಮೋಸವಿದೆ. ಆರಾಮಾಗಿ ಮಾತಾಡಿಕೊಂಡು ಓಡುತ್ತಿದ್ದರೂ ವಾಚ್ 172ರಲ್ಲಿ ಕೂತಿದ್ದರೆ ಅದು ಹೃದಯವಲ್ಲ, ನಿಮ್ಮ ಹೆಜ್ಜೆ. ಕೈಯ ಕುಲುಕಾಟವನ್ನೇ ಸೆನ್ಸರ್ ನಾಡಿ ಅಂದುಕೊಂಡಿರುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ, ಅಲ್ಲಾಡಿಸಿದರೆ ಚರ್ಮವೂ ಜೊತೆಗೆ ಸರಿಯುವಷ್ಟು ಬಿಗಿಯಾಗಿ ಕಟ್ಟಿ. ಆಗಲೂ ಸರಿಹೋಗದಿದ್ದರೆ ಎದೆಗೆ ಕಟ್ಟುವ ಪಟ್ಟಿಯೇ ಗತಿ. ಆ ಪಟ್ಟಿಯನ್ನು ಜೋಡಿಸುವ ಆಯ್ಕೆ ವಾಚಿನ ಸೆನ್ಸರ್ ಮೆನುವಿನಲ್ಲಿದೆಯೇ ಅಂತ ಕೊಳ್ಳುವಾಗಲೇ ನೋಡಿ, ಅಗ್ಗದವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಹಾಗೆಯೇ ಓಟದ ದಾಖಲೆ ಬೇರೆ ಆ್ಯಪ್‌ಗಳೂ ಓದಬಲ್ಲ ಫಿಟ್ ಅಥವಾ ಜಿಪಿಎಕ್ಸ್ ಫೈಲಾಗಿ ಹೊರಗೆ ಬರಬೇಕು. ಸ್ಕ್ರೀನ್‌ಶಾಟ್ ಬಿಟ್ಟರೆ ಬೇರೇನೂ ಕೊಡದ ಆ್ಯಪ್ ಇದ್ದರೆ ಕೋಚಿಗೂ ಉಪಯೋಗವಿಲ್ಲ, ನಾಳೆ ವಾಚ್ ಬದಲಿಸಿದಾಗ ನಿಮಗೂ ಇಲ್ಲ.

ಒಳ್ಳೆಯ ವಾಚ್ ಕೂಡ ಹಾಫ್ ಮ್ಯಾರಥಾನಿನಲ್ಲಿ 21.1ರ ಬದಲು 21.3 ತೋರಿಸಬಹುದು, ಅದಕ್ಕಾಗಿ ವಾಪಸ್ ಕೊಡಬೇಡಿ. ಪ್ರಮಾಣೀಕೃತ ರೇಸುಗಳ ದಾರಿಯನ್ನು ರಸ್ತೆಯ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಅತಿ ಹತ್ತಿರದ ಗೆರೆಯಲ್ಲಿ ಅಳೆದು, ಮೇಲೆ ಸಾವಿರಕ್ಕೆ ಒಂದರಷ್ಟು ಸೇರಿಸಿರುತ್ತಾರೆ. ಜನಜಂಗುಳಿಯಲ್ಲಿ ಆ ಗೆರೆ ಹಿಡಿದು ಓಡಲು ಯಾರಿಗೂ ಆಗುವುದಿಲ್ಲ. ರೇಸಿನಲ್ಲಿ ವಾಚ್ ತಾನೇ ಕಿಲೋಮೀಟರಿಗೊಮ್ಮೆ ಲ್ಯಾಪ್ ಹಾಕುವ ‘ಆಟೊ ಲ್ಯಾಪ್’ ಆಫ್ ಮಾಡಿ, ಬೋರ್ಡ್ ಬಂದಾಗ ನೀವೇ ಬಟನ್ ಒತ್ತಿ.

ಆನ್‌ಲೈನಿನಲ್ಲಿ ತರಿಸಿದ್ದರೆ ಸ್ಕೂಟರ್ ಪರೀಕ್ಷೆ ಮೊದಲ ದಿನವೇ ಆಗಲಿ. ಹಲವು ಕಡೆ ಏಳು ದಿನ ಮಾತ್ರ ಗಡುವು, ಅದೂ ದುಡ್ಡು ವಾಪಸಿಲ್ಲ, ಬದಲಿ ವಾಚ್ ಅಷ್ಟೆ. ಬದಲಿಯಲ್ಲೂ ರಿಸೀವರ್ ಇರುವುದಿಲ್ಲ. ಹಾಗಾಗಿ ‘ವಿವರಣೆಗೆ ತಕ್ಕ ಉತ್ಪನ್ನವಲ್ಲ’ ಅನ್ನುವ ಕಾರಣವನ್ನೇ ಆರಿಸಿ, ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕೇಳಿ.

ಗಡುವು ಮೀರಿದೆಯೇ? ಆ್ಯಪಿನಲ್ಲಿ ಹೆಜ್ಜೆಯ ಉದ್ದ ತುಂಬುವ ಜಾಗ ಇದ್ದರೆ 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಮಾಮೂಲಿ ಪೇಸಿನಲ್ಲಿ ಓಡಿ, 1600ನ್ನು ಹೆಜ್ಜೆಗಳ ಸಂಖ್ಯೆಯಿಂದ ಭಾಗಿಸಿ ಬಂದದ್ದನ್ನು ಹಾಕಿ. 1818 ಹೆಜ್ಜೆ ಆಗಿದ್ದರೆ 88 ಸೆಂಟಿಮೀಟರ್. ಆದರೆ ಒಳಗಿನ ಮೊದಲ ಲೇನಿನಲ್ಲೇ ಓಡಿ, ಎರಡನೆಯದರಲ್ಲಿ ಪ್ರತಿ ಸುತ್ತಿಗೂ ಏಳು ಮೀಟರಿಗೂ ಹೆಚ್ಚು ಜಾಸ್ತಿ ಬರುತ್ತದೆ.