ನೇತ್ರಾಣಿ ಮೀನಿಗೆ ಪೌಚ್, ಗೋಪ್ರೋ, ಇಲ್ಲಾ ಟಿಜಿ-6?

ಹುಬ್ಬಳ್ಳಿಯಿಂದ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ನೀರೊಳಗೆ ಮೀನಿನ ಫೋಟೋ ತೆಗೀಬೇಕು, ಫೋನ್‌ಗೆ ನೀರು ತಾಗದ ಪೌಚೋ, ಪುಟ್ಟ ಗೋಪ್ರೋ ಕ್ಯಾಮೆರಾನೋ, ಇಲ್ಲಾ ಒಲಿಂಪಸ್‌ನ ಟಿಜಿ-6 ಕ್ಯಾಮೆರಾನೋ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಮೂರನ್ನೂ ಹಿಡಿದು ಒದ್ದಾಡಿದ್ದೇನೆ, ಹೇಳ್ತೀನಿ.

ದುಡ್ಡು ನೋಡಿದರೆ ಫೋನ್ ಪೌಚ್. ಮನೆಮಂದಿಯೆಲ್ಲ ಗಿರಮಿಟ್ ಮಿರ್ಚಿ ತಿಂದಷ್ಟು ಖರ್ಚು, ಅಷ್ಟೇ. ಆದರೆ ನೀರೊಳಗೆ ಟಚ್ ಕೆಲಸ ಮಾಡಲ್ಲ, ವಾಲ್ಯೂಮ್ ಬಟನ್ ಒತ್ತಿಯೇ ಕ್ಲಿಕ್ ಮಾಡಬೇಕು. ಮೊದಲು ಒಳಗೆ ಟಿಶ್ಯೂ ಇಟ್ಟು ಬಕೆಟ್‌ನಲ್ಲಿ ಮುಳುಗಿಸಿ. ನನ್ನ ಪೌಚ್‌ನ ಒಂದು ಮೂಲೆ ಮನೆಯಲ್ಲೇ ಒದ್ದೆಯಾಯ್ತು, ಫೋನ್ ಬಚಾವ್!

ಆಳದ ಮಾತು ಬೇರೆ. ಹೀರೋ 12 ಗೋಪ್ರೋ ಹಾಗೇ 10 ಮೀಟರ್ ತಡೀತದೆ, ಒಲಿಂಪಸ್ ಟಿಜಿ-6 15 ಮೀಟರ್. ಮೊದಲ ಸಲದ ಸ್ಕೂಬಾ ಡೈವ್ 12 ಮೀಟರ್‌ವರೆಗೂ ಹೋಗಬಹುದು, ಹಾಗಾಗಿ ಗೋಪ್ರೋಗೆ ಹೌಸಿಂಗ್, ಅಂದ್ರೆ ನೀರು ಹೋಗದ ಗಟ್ಟಿ ಹೊರಕವಚ, ಬೇಕೇ ಬೇಕು.

ಇನ್ನು ಚಿತ್ರ. ಗೋಪ್ರೋ ಲೆನ್ಸ್ ತುಂಬಾ ಅಗಲ, ಎರಡು ಮಾರು ದೂರದ ಗಿಳಿಮೀನು ಕಡಲೆಕಾಳಿನಷ್ಟು ಕಾಣ್ತದೆ. ಗುಂಪಾಗಿ ಓಡೋ ಮೀನಿನ ವಿಡಿಯೋಗೆ ಮಾತ್ರ ಅದೇ ಸೈ. ಟಿಜಿ-6 1 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಮಾಡ್ತದೆ, ಬಂಡೆಗೆ ಅಂಟಿ ಕೂತ ಪುಟ್ಟ ಮೀನಿಗೆ ಒಳ್ಳೇದು. ಓಡೋ ಮೀನಾದರೆ ನನಗೆ ಸಿಕ್ಕಿದ್ದು ಬರೀ ಬಾಲ. ಕೆಳಗಿಳಿದಂತೆ ಕೆಂಪು ಬಣ್ಣ ಮೊದಲು ಮಾಯ, ಎಲ್ಲಾ ನೀಲಿ. ಹಾಗಂತ ದೂರದಿಂದ ಫ್ಲ್ಯಾಶ್ ಹೊಡೆದರೆ ನೀರಿನ ಕಸವೆಲ್ಲ ಹೊಳೆದು, ಫೋಟೋ ತುಂಬ ಮಂಡಕ್ಕಿ ಚೆಲ್ಲಿದಂಗೆ!

ಒಂದೇ ಸಲ ಸ್ನಾರ್ಕೆಲ್ (ಕೊಳವೆಯಲ್ಲಿ ಉಸಿರಾಡ್ತಾ ನೀರ ಮೇಲೆ ತೇಲೋದು) ಮಾಡೋರಾದರೆ ಪೌಚ್ ಸಾಕು. ಬೈಕ್ ಟ್ರಿಪ್‌ಗೂ ಬೇಕು ಅಂದ್ರೆ ಗೋಪ್ರೋ. ಡೈವಿಂಗ್ ಕಲೀತಾ ಇದ್ದರೆ, ತಾಳ್ಮೆ ಇದ್ದರೆ, ಟಿಜಿ-6. ಯಾವುದೇ ಆಗಲಿ, ದಡಕ್ಕೆ ಬಂದ ಕೂಡಲೇ ಸಿಹಿನೀರಲ್ಲಿ ನೆನೆಸಿಡಿ.