ಕೇರ್‌ಟೇಕರ್ ಕಳಿಸುವ ಏಜೆನ್ಸಿ: ಬಂದವರಿಗೆ 5ಕ್ಕೆ 5, ಕಳಿಸಿದವರಿಗೆ 1

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ 24 ಗಂಟೆಯೂ ಜೊತೆಗಿರುವವರು ಬೇಕಾಯ್ತು. ಬೆಂಗಳೂರಿನ ಒಂದು ಏಜೆನ್ಸಿಗೆ ಫೋನ್ ಮಾಡಿದೆ. ತಿಂಗಳಿಗೆ 30,000, ಮೊದಲೇ ಕಟ್ಟಬೇಕು, ಊಟ ತಿಂಡಿ ನಮ್ಮದೇ. ಮರುದಿನ ಬೆಳಿಗ್ಗೆಯೇ ರಾಯಚೂರು ಕಡೆಯವರೊಬ್ಬರು ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆ ಒಂದು ಅಂಕ ಈ ವೇಗಕ್ಕೆ.

ಬಂದವರ ಕೆಲಸ ನೋಡಿ ನನಗೆ ಧೈರ್ಯ ಬಂತು. ಎರಡು ಗಂಟೆಗೊಮ್ಮೆ ಅಮ್ಮನ ಮಗ್ಗುಲು ಬದಲಿಸುತ್ತಿದ್ದರು, ಕಾಲುಗಳ ನಡುವೆ ದಿಂಬು ಇಡುತ್ತಿದ್ದರು, ಬೆನ್ನು ಎಲ್ಲಾದರೂ ಕೆಂಪಾಗಿದೆಯಾ ಅಂತ ಬೆರಳಿಂದ ಒತ್ತಿ ನೋಡುತ್ತಿದ್ದರು. ರಾತ್ರಿ ಹನ್ನೆರಡಕ್ಕೂ, ಎರಡಕ್ಕೂ, ನಾಲ್ಕಕ್ಕೂ. ಪ್ರತಿ ಸಲ ಮಗಳ ಹಳೇ ನೋಟ್‌ಬುಕ್ಕಲ್ಲಿ ಟೈಮ್ ಬರೆದಿಡೋರು. ಅಮ್ಮನಿಗೆ ಒಂದು ಹುಣ್ಣೂ ಆಗಲಿಲ್ಲ.

ಮೂರನೇ ತಿಂಗಳು ಮಗಳ ಫೀಸಿಗೆ ಅಂತ 3,000 ಸಾಲ ಕೇಳಿದರು. ಸಂಬಳ ಇನ್ನೂ ಬಂದಿಲ್ವಾ ಅಂದೆ. "ಅಕ್ಕಾರ, ನನ್ನ ಕೈಗೆ 15,000 ಬರ್ತದ್ರಿ, ರಜಾ ಹಾಕಿದ್ರ ಅದ್ರಾಗೂ ಕಟ್" ಅಂದರು. ನಾನು ಕಟ್ಟುತ್ತಿದ್ದುದರ ಅರ್ಧ. ಅವರು ಒಂದು ದಿನವೂ ರಜೆ ತಗೊಂಡಿರಲಿಲ್ಲ, ಅಂದರೆ ದಿನಕ್ಕೆ 500. ನಿದ್ದೆ, ಊಟದ ಹೊತ್ತು ಬಿಟ್ಟು 14 ಗಂಟೆ ಅಂತ ಹಿಡಿದರೂ ಗಂಟೆಗೆ 36 ರೂಪಾಯಿ ಬೀಳಲ್ಲ. ನಮ್ಮ ಮನೆಯಲ್ಲೇ ನಡೆಯುತ್ತಿದ್ದ ಕೆಲಸ ಇದು, ಮೂರು ತಿಂಗಳು ನಾನು ಕೇಳಿಯೇ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಏಜೆನ್ಸಿಯವರಿಗೆ ಫೋನ್ ಮಾಡಿದೆ. ಮನೆಕೆಲಸದವರಿಗೆಲ್ಲ ಕನಿಷ್ಠ ವೇತನ ಎಲ್ಲಿದೆ ಮೇಡಂ ಅಂದರು. ಇದು ಸುಳ್ಳು. ಮನೆಕೆಲಸಕ್ಕೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ಗೊತ್ತು ಮಾಡಿದೆ, ಪ್ರತಿ ಏಪ್ರಿಲ್‌ನಲ್ಲಿ ಅದಕ್ಕೆ ತುಟ್ಟಿಭತ್ಯೆ ಸೇರುತ್ತದೆ. ಮೊದಲು ಪಟ್ಟಿಯಲ್ಲಿ ಹೆಸರಿರುವ ಉದ್ಯೋಗಗಳಿಗೆ ಮಾತ್ರ ಈ ಹಕ್ಕು ಅಂತಿತ್ತು. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಅನ್ನೋ ಕೇಂದ್ರದ ಕಾಯ್ದೆ ಜಾರಿಗೆ ಬಂದ ಮೇಲೆ ಆ ಪಟ್ಟಿಯ ನೆಪವೂ ಇಲ್ಲ, ಎಲ್ಲ ನೌಕರರಿಗೂ ಕನಿಷ್ಠ ವೇತನ ಕೊಡಲೇಬೇಕು. ನಿಗದಿಯಾದ ಅವಧಿಗಿಂತ ಜಾಸ್ತಿ ದುಡಿಸಿದರೆ ಆ ಹೊತ್ತಿಗೆ ದುಪ್ಪಟ್ಟು ದರ. ಸಂಬಳದ ಚೀಟಿಯನ್ನೂ ಏಜೆನ್ಸಿಯೇ ಕೊಡಬೇಕು. ಇವರಿಗೆ ಒಂದೇ ಒಂದು ಚೀಟಿ ಸಿಕ್ಕಿರಲಿಲ್ಲ.

ಊಟ, ವಸತಿ ಸೇರಿದೆಯಲ್ಲ ಅಂದರು. ಊಟ ಹಾಕುತ್ತಿದ್ದುದು ನಾವು, ಮಲಗುತ್ತಿದ್ದುದು ಅಮ್ಮನ ಮಂಚದ ಪಕ್ಕ ನೆಲದ ಮೇಲೆ. ಕೊನೆಗೆ, ಅವರೇ ಒಪ್ಪಿ ಸೈನ್ ಹಾಕಿದ್ದಾರೆ ಅಂದರು. ಕನಿಷ್ಠ ವೇತನ ಬಿಟ್ಟುಕೊಡ್ತೀನಿ ಅಂತ ಯಾರು ಸೈನ್ ಹಾಕಿದರೂ ಆ ಕಾಗದಕ್ಕೆ ಬೆಲೆಯಿಲ್ಲ. 1982ರಲ್ಲೇ ಏಷ್ಯಾಡ್ (ದೆಹಲಿ ಏಷ್ಯನ್ ಗೇಮ್ಸ್) ಕಟ್ಟಡ ಕಾರ್ಮಿಕರ ಕೇಸಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಅಂತ ಹೇಳಿದೆ. ಇಷ್ಟು ಹೇಳಿದ ಮೇಲೆ ಫೋನ್ ಇಟ್ಟರು.

ಹಾಗಾದರೆ ನಾನೇ ನೇರವಾಗಿ ಸಂಬಳ ಕೊಡ್ತೀನಿ ಅಂದುಕೊಂಡು ಕರಾರು ತೆಗೆದು ನೋಡಿದರೆ, ಅವರನ್ನು ನಾವೇ ಕೆಲಸಕ್ಕಿಟ್ಟುಕೊಂಡರೆ ಎರಡು ತಿಂಗಳ ಫೀಸ್ ದಂಡ ಅಂತ ಸಣ್ಣ ಅಕ್ಷರದಲ್ಲಿದೆ. ನೀವು ಸೈನ್ ಹಾಕುವ ಮೊದಲೇ ಈ ಸಾಲು ಹುಡುಕಿ ನೋಡಿ. ಆಮೇಲೆ ಬಂದವರನ್ನೇ ಕೇಳಿ: ಕೈಗೆ ಎಷ್ಟು ಬರುತ್ತೆ, ವಾರಕ್ಕೊಂದು ರಜೆ ಇದೆಯಾ, ರಜೆಯ ದಿನ ಬೇರೆಯವರನ್ನು ಕಳಿಸ್ತಾರಾ. ಈಗಿನ ದರಪಟ್ಟಿ ಕಾರ್ಮಿಕ ಇಲಾಖೆಯ 'ಕಾರ್ಮಿಕ ಸ್ಪಂದನ' ವೆಬ್‌ಸೈಟಲ್ಲಿ ನೋಡಬಹುದು. ವೇತನ ಸಂಹಿತೆಯಲ್ಲಿ ಬಾಕಿ ಕೇಳಲು ಮೂರು ವರ್ಷ ಕಾಲಾವಕಾಶ ಇದೆ, ಕೆಲಸ ಬಿಟ್ಟಾಯ್ತು ಅಂತ ಸುಮ್ನೆ ಕೂರಬೇಕಿಲ್ಲ.

ಅಮ್ಮ ವಾಕರ್ ಹಿಡಿದು ಓಡಾಡೋಕೆ ಶುರು ಮಾಡಿದ ಮೇಲೆ ನಾನೂ ಕೇರ್‌ಟೇಕರೂ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನಕ್ಕೆ ಹೋದೆವು. ಎಷ್ಟು ಹೊತ್ತು ದುಡಿದಿರಿ, ದಾಖಲೆ ಏನಿದೆ ಅಂತ ಅಲ್ಲಿನವರು ಕೇಳಿದರು. ಏಜೆನ್ಸಿ ಹಾಜರಿ ಪುಸ್ತಕ ಇಟ್ಟಿದ್ದನ್ನು ನಾವ್ಯಾರೂ ನೋಡಿಲ್ಲ. ಇವರು ಬ್ಯಾಗಿಂದ ಆ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ರಾತ್ರಿ 12, ಎಡ ಮಗ್ಗುಲು. 2, ಬಲ ಮಗ್ಗುಲು. 4, ಎಡ. ಅದರ ಜೆರಾಕ್ಸನ್ನೇ ದೂರಿನ ಜೊತೆ ಲಗತ್ತಿಸಿ ಕೊಟ್ಟು ಬಂದಿದ್ದೇವೆ.