ಚರೆ ತೋಟಾ ಹಿಡಿದು ಶೂಟಿಂಗ್ ರೇಂಜಿಗೆ ಹೊರಡುವ ಮುಂಚೆ ಇದನ್ನೊಮ್ಮೆ ಓದಿ

180 ಡಾಲರ್ ರಿಪೇರಿ ಖರ್ಚು, ಒಂದು ವರ್ಷ ಒಂದು ರೇಂಜಿನ ಗೇಟಿನೊಳಗೆ ಕಾಲಿಡಬಾರದೆಂಬ ಒಂದು ಚೀಟಿ, ಸಾಲದ್ದಕ್ಕೆ ಗೆಳೆಯನ ವೀಸಾಕ್ಕೇ ಕುತ್ತು ತರಬಹುದಾಗಿದ್ದ ಅರ್ಧ ಗಂಟೆ. ಮೂರು ಶನಿವಾರಗಳಲ್ಲಿ ನಾನು ಸಂಪಾದಿಸಿದ್ದು ಇಷ್ಟು. ಹೊರಟಿದ್ದ ಕೆಲಸವೇನೂ ದೊಡ್ಡದಲ್ಲ. ಹೊಸ ಕೋವಿ ಚರೆಯನ್ನು, ಅಂದರೆ ಒಂದೇ ತೋಟಾದಿಂದ ಒಟ್ಟಿಗೆ ಹಾರುವ ಸಣ್ಣ ಸೀಸದ ಕಾಳುಗಳನ್ನು, ಎಲ್ಲಿಗೆ ಎಸೆಯುತ್ತದೆ, ಎಷ್ಟಗಲಕ್ಕೆ ಹರಡುತ್ತದೆ ಅಂತ ಒಂದು ಕಾಗದಕ್ಕೆ ಹೊಡೆದು ನೋಡಬೇಕಿತ್ತು. ಇಲ್ಲಿಯವರು ಇದನ್ನು ಪ್ಯಾಟರ್ನ್ ಮಾಡುವುದು ಅನ್ನುತ್ತಾರೆ.

ನಾನಿರುವುದು ಮಿಸೌರಿಯಲ್ಲಿ, ಸೇಂಟ್ ಲೂಯಿಸ್ ಪಕ್ಕ. ಏಪ್ರಿಲ್ ಮೂರನೇ ವಾರ ಇಲ್ಲಿ ಕಾಡು ಟರ್ಕಿ ಬೇಟೆ ಶುರುವಾಗುತ್ತದೆ. ನಮ್ಮ ಕನ್ನಡದವರಲ್ಲೂ ಈಚೆಗೆ ಒಬ್ಬಿಬ್ಬರು ಲೈಸೆನ್ಸ್ ಮಾಡಿಸುತ್ತಿದ್ದಾರೆ. ಮುಖ್ಯವಾಗಿ ಅವರಿಗಾಗಿ ಇದು.

ನನ್ನ ಊರು ಮಡಿಕೇರಿ ಹತ್ತಿರ. ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆ ಕೋವಿ ಇತ್ತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಹಿಡುವಳಿಯವರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಮಗೆ ಗೊತ್ತೇ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಗೆ ಕಡಿವಾಣ ಬಿದ್ದ ಮೇಲೆ ಹುಟ್ಟಿದವನು ನಾನು. ಕಣ್ಣಾರೆ ಕಂಡ ಈಡೆಂದರೆ ಕೊಡವರ ಆಯುಧ ಹಬ್ಬವಾದ ಕೈಲ್ ಮುಹೂರ್ತದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಹೊಡೆಯುವುದು, ಅಷ್ಟೇ. ತೆಂಗಿನಕಾಯಿಯದು ಒಂಟಿಗುಂಡಿನ ಲೆಕ್ಕ. ಒಡೆಯಿತೋ ಇಲ್ಲವೋ, ಮುಗಿಯಿತು. ಚರೆಯ ಲೆಕ್ಕ ಬೇರೆ. ಅದು ನನಗೆ ಗೊತ್ತಿರಲಿಲ್ಲ. ‘ನಾವು ಕೋವಿ ನೋಡಿ ಬೆಳೆದವರು’ ಅನ್ನುವ ಜಂಬ ಮಾತ್ರ ಬೇಕಾದಷ್ಟಿತ್ತು.

ನಾನು ಕೊಂಡಿದ್ದು 12 ಬೋರಿನ ಪಂಪ್ ಶಾಟ್‌ಗನ್, ಅಂದರೆ ಚರೆ ಹೊಡೆಯುವ ಕೋವಿ. ಮೂರಂಗುಲದ ಟರ್ಕಿ ತೋಟಾದಲ್ಲಿ ಒಂದೂಮುಕ್ಕಾಲು ಔನ್ಸ್ ನಂಬರ್ 5 ಚರೆ ಇರುತ್ತದೆ. ಎಣಿಸಿದರೆ ಸುಮಾರು 300 ಕಾಳು. ಟರ್ಕಿಯ ಮೈಗೆ ಯಾರೂ ಹೊಡೆಯುವುದಿಲ್ಲ. ರೆಕ್ಕೆ, ಎದೆಮೂಳೆ ದಾಟಿ ಚರೆ ಒಳಹೋಗುವುದು ಕಷ್ಟ, ಹಕ್ಕಿ ಗಾಯಗೊಂಡು ಪೊದೆ ಸೇರಿ ಎರಡು ದಿನ ನರಳಿ ಸಾಯುತ್ತದೆ. ತಲೆ, ಕತ್ತು ಅಷ್ಟೇ ಗುರಿ. ಹಾಗಾಗಿ 10 ಅಂಗುಲದ ವೃತ್ತದೊಳಗೆ ನೂರರ ಆಸುಪಾಸು ಚರೆ ಬೀಳಬೇಕು, ಎಷ್ಟು ದೂರದವರೆಗೆ ಹಾಗೆ ಬೀಳುತ್ತದೋ ಅದೇ ನಿಮ್ಮ ಕೋವಿಯ ಎಲ್ಲೆ ಅನ್ನುವುದು ಬಲ್ಲವರ ಲೆಕ್ಕ. ಒಂದೇ ಕಾರ್ಖಾನೆಯ ಎರಡು ಕೋವಿ ಒಂದೇ ಥರ ಎಸೆಯುವುದಿಲ್ಲ. ತೋಟಾದ ಬ್ರ್ಯಾಂಡ್ ಬದಲಾದರೂ ಹರಡುವ ರೀತಿ ಬದಲಾಗುತ್ತದೆ. ಕಾಗದಕ್ಕೆ ಹೊಡೆಯದೆ ಕಾಡಿಗೆ ಹೋಗುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೋದಂತೆ.

ಸರಿ, ಫೋನ್ ಹಿಡಿದೆ. ಮೂರು ಜಾಗಕ್ಕೆ ಮಾಡಿದೆ. ಮೂರೂ ಕಡೆ ಒಂದೇ ಪ್ರಶ್ನೆ: ‘ನಿಮ್ಮಲ್ಲಿ ಶಾಟ್‌ಗನ್ ಹೊಡೆಯಬಹುದಾ?’ ಮೂರೂ ಕಡೆ ‘ಓಹೋ, ಧಾರಾಳವಾಗಿ’ ಅಂದರು. ಯಾರೂ ಸುಳ್ಳು ಹೇಳಲಿಲ್ಲ. ನನ್ನ ಪ್ರಶ್ನೆಯೇ ಮೊಂಡಾಗಿತ್ತು.

ಮೊದಲನೆಯದು ಮನೆಗೆ ಹತ್ತಿರದ ಒಳಾಂಗಣ ರೇಂಜು. ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಲೇನ್ ಕಾದಿರಿಸಿದೆ. ಕೌಂಟರಿನಲ್ಲಿ ತೋಟಾದ ಡಬ್ಬಿ ನೋಡಿದ ಹುಡುಗಿ ತಲೆಯಾಡಿಸಿದಳು. ಅವರಲ್ಲಿ ಶಾಟ್‌ಗನ್ ಅಂದರೆ ಒಂಟಿಗುಂಡಿನ ಸ್ಲಗ್, ಹೆಚ್ಚೆಂದರೆ ದಪ್ಪ ಚರೆಯ ಬಕ್‌ಶಾಟ್. ಸಣ್ಣ ಚರೆ ಗುರಿಹಲಗೆ ಎಳೆಯುವ ತಂತಿ, ದೀಪ, ಪಕ್ಕದ ಲೇನು ಎಲ್ಲದಕ್ಕೂ ಬಡಿಯುತ್ತದಂತೆ. ನ್ಯಾಯವೇ. ಕಟ್ಟಿದ ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಅದು ಹೋಗಲಿ. ಅವತ್ತಿನ ನಿಜವಾದ ಭಯ ಬೇರೆ ಇತ್ತು. ನನ್ನ ಜೊತೆ ಆಫೀಸಿನ ಗೆಳೆಯ ಬಂದಿದ್ದ, ದಾವಣಗೆರೆಯವನು, ಎಚ್‌1ಬಿಯಲ್ಲಿದ್ದಾನೆ. ‘ಅಣ್ಣಾ, ನಾನು ಸುಮ್ನೆ ಫೋಟೋ ತೆಗೀತೀನಿ, ಆಮೇಲೆ ಒಂದೇ ಒಂದು ಈಡು ನಂಗೂ ಕೊಡು’ ಅಂತ. ಒಳಗೆ ಹೋಗುವ ಮೊದಲು ಸಹಿ ಹಾಕುವ ಫಾರಂ ಇರುತ್ತದಲ್ಲ, ಅದರಲ್ಲಿ ವೀಸಾ ಮೇಲೆ ಇದ್ದೀರಾ ಅಂತ ಒಂದು ಸಾಲು. ಅವನು ಪ್ರಾಮಾಣಿಕ, ಹೌದು ಅಂತ ಗುರುತು ಹಾಕಿದ. ಹುಡುಗಿ ‘ಬೇಟೆ ಲೈಸೆನ್ಸ್ ತೋರಿಸಿ’ ಅಂದಳು. ಇರಲಿಲ್ಲ. ಆಗ ಒಳಗಿನಿಂದ ಮ್ಯಾನೇಜರ್ ಬಂದು, ನನ್ನ ಗೆಳೆಯನ ಕೈಯಲ್ಲಿದ್ದ ತೋಟಾದ ಡಬ್ಬಿಯನ್ನು ನೋಡಿ, ‘ಮೊದಲು ಅದನ್ನು ಮೇಜಿನ ಮೇಲಿಡಿ, ಸರ್’ ಅಂದರು. ಕಾರಿನಿಂದ ಇಳಿಯುವಾಗ ನಾನೇ ಅವನ ಕೈಗೆ ಕೊಟ್ಟಿದ್ದೆ.

ವಿಷಯ ಇದು. ಅಮೆರಿಕದ ಫೆಡರಲ್ ಕಾನೂನಿನಲ್ಲಿ, 18ನೇ ಶೀರ್ಷಿಕೆಯ 922ನೇ ಸೆಕ್ಷನ್, ವಲಸೆಯೇತರ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವಂತಿಲ್ಲ. ಎಚ್‌1ಬಿ, ಎಚ್‌4, ಎಲ್‌1, ಎಫ್‌1 ಎಲ್ಲ ಇದರಲ್ಲಿ ಬಂತು. ಬಾಡಿಗೆ ಕೋವಿ, ಗೆಳೆಯನ ಕೋವಿ ಅನ್ನುವ ಭೇದವಿಲ್ಲ. ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಒದಗುವುದು ಒಂದೇ: ಇಲ್ಲಿಯ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. 2022ರ ತಿದ್ದುಪಡಿಯ ನಂತರ ಈ ತಪ್ಪಿಗೆ 15 ವರ್ಷದವರೆಗೆ ಜೈಲಿದೆ. ನನಗೆ ಹಸಿರು ಕಾರ್ಡ್ ಇರುವುದರಿಂದ ಇದು ಅನ್ವಯಿಸುವುದಿಲ್ಲ, ಆದ್ದರಿಂದಲೇ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ವಾರಾಂತ್ಯಕ್ಕೆ ‘ಬನ್ರೋ ರೇಂಜಿಗೆ ಹೋಗಿ ಬರೋಣ’ ಅಂತ ಗುಂಪು ಕಟ್ಟಿಕೊಂಡು ಹೋಗಿ ಫೋಟೋ ಹಾಕುವ ನಮ್ಮ ಹುಡುಗರನ್ನು ಎಷ್ಟು ಜನರನ್ನು ನೋಡಿಲ್ಲ? ಅನುಮಾನವಿದ್ದರೆ ಹಸಿರು ಕಾರ್ಡಿಗೆ ಅರ್ಜಿ ಹಾಕಿಸುತ್ತಿರುವ ವಕೀಲರನ್ನೇ ಕೇಳಿ. ಆ ಮ್ಯಾನೇಜರ್ ಒಳ್ಳೆಯವರು, ಬುದ್ಧಿ ಹೇಳಿ ಕಳಿಸಿದರು. ದಾವಣಗೆರೆಯವನು ಮನೆ ಮುಟ್ಟುವವರೆಗೆ ತುಟಿ ಬಿಚ್ಚಲಿಲ್ಲ.

ಎರಡನೇ ಶನಿವಾರ ಒಬ್ಬನೇ ಹೋದೆ, ಒಂದು ಟ್ರ್ಯಾಪ್ ಕ್ಲಬ್ಬಿಗೆ. ಅಲ್ಲಿ ಶಾಟ್‌ಗನ್ ಬಿಟ್ಟು ಬೇರೇನೂ ಇಲ್ಲ, ಇಲ್ಲಂತೂ ಕೆಲಸ ಆಗುತ್ತದೆ ಅಂದುಕೊಂಡೆ. ಅವರ ಲೋಕವೇ ಬೇರೆ. ಹಾರುವ ಮಣ್ಣಿನ ಬಿಲ್ಲೆಗೆ ಹೊಡೆಯುವುದು, ನಂಬರ್ 7½ಕ್ಕಿಂತ ದಪ್ಪ ಚರೆ ಒಳಗೆ ತರುವಂತಿಲ್ಲ (ನಂಬರ್ ಹೆಚ್ಚಿದಷ್ಟೂ ಚರೆ ಸಣ್ಣದು). ಯಾಕೆಂದರೆ ಮೈದಾನದ ಆಚೆ ಚರೆ ಉದುರಲು ಬಿಟ್ಟ ಜಾಗವನ್ನು ಆ ಸಣ್ಣ ಚರೆಯ ಲೆಕ್ಕದಲ್ಲೇ ಅಳೆದಿರುತ್ತಾರೆ. ದಪ್ಪ ಚರೆ ಅದನ್ನೂ ದಾಟಿ ಹೋಗುತ್ತದೆ. ನಿಂತ ಕಾಗದ ಅಂದಾಗ ಅಲ್ಲಿದ್ದ ಅಜ್ಜ ನಕ್ಕು ಕಾಫಿ ಕೊಟ್ಟರು. ನಂಬರ್ 5 ಡಬ್ಬಿ ಕಾರಿನಿಂದ ಇಳಿಯಲೇ ಇಲ್ಲ. ಇದರ ಬಗ್ಗೆ ದೂರೇನಿಲ್ಲ.

ಮೂರನೆಯದೇ ನನಗೆ ಬರೆ ಹಾಕಿದ್ದು. ಎರಡು ಗಂಟೆ ದಾರಿಯ ಒಂದು ಸಾರ್ವಜನಿಕ ರೇಂಜು, ಹೆಸರು ಬೇಡ. ಗೇಟಿನಲ್ಲಿ ನಿಯಮಗಳ ಬೋರ್ಡಿತ್ತು. ನಾನು ಓದಲಿಲ್ಲ, ಫೋಟೋ ಹೊಡೆದುಕೊಂಡೆ! ಆಮೇಲೆ ಓದಿದಾಗ ಐದನೇ ಸಾಲಿನಲ್ಲೇ ಇತ್ತು: ಒಂದು ಈಡಿಗೆ ಒಂದೇ ಗುಂಡು ಹೋಗುವ ತೋಟಾ ಮಾತ್ರ. ಫೋನಿನಲ್ಲಿ ‘ಶಾಟ್‌ಗನ್ ಧಾರಾಳವಾಗಿ’ ಅಂದದ್ದು ಸ್ಲಗ್ ಮನಸ್ಸಿನಲ್ಲಿಟ್ಟುಕೊಂಡು.

ಪಕ್ಕದ ಬೆಂಚಿನವನೊಬ್ಬನನ್ನು ಕೇಳಿದೆ. ‘ಟರ್ಕಿ ಸೀಸನ್ ಬಂತಲ್ಲ, ಎಲ್ಲರೂ ಹೊಡೆಯುತ್ತಾರೆ, ಏನಾಗಲ್ಲ’ ಅಂದ. ಅಪರಿಚಿತನ ‘ಏನಾಗಲ್ಲ’ವನ್ನು ನಂಬುವ ವಯಸ್ಸು ನನ್ನದಲ್ಲ, ಆದರೂ ನಂಬಿದೆ. ಗುರಿ ನಿಲ್ಲಿಸುವ ಚೌಕಟ್ಟುಗಳು 25 ಗಜದಲ್ಲಿ ಒಂದು ಸಾಲು, 50 ಗಜದಲ್ಲಿ ಒಂದು ಸಾಲು. 40 ಇಲ್ಲ. ‘50ರಲ್ಲಿ ನಿಂತರೆ 40ರಲ್ಲಿ ನಿಲ್ಲದೇ ಇರುತ್ತದೆಯೇ’ ಅಂತ ದೂರದ ಸಾಲಿಗೆ ಕಾಗದ ಹಚ್ಚಿದೆ. ಚರೆ ಹೆಚ್ಚು ಹರಡದಂತೆ ನಳಿಗೆಯ ತುದಿಗೆ ಹಾಕುವ ಕಿರುಕೊಳವೆಗೆ ಚೋಕ್ ಅನ್ನುತ್ತಾರೆ, ಯಾವ ಚೋಕ್ ಕೂತಿದೆ ಅಂತ ಬಿಚ್ಚಿಯೂ ನೋಡಲಿಲ್ಲ. ಅಂಗಡಿಯವರು ಹಾಕಿಟ್ಟಿದ್ದ ಇಂಪ್ರೂವ್ಡ್ ಸಿಲಿಂಡರ್ ಹಾಗೇ ಇತ್ತು.

ಆ ಚೋಕಿನ ಗುಣ ಏನೆಂದರೆ, 40 ಗಜದಲ್ಲಿ 30 ಅಂಗುಲದ ವೃತ್ತದೊಳಗೆ ಅರ್ಧದಷ್ಟು ಚರೆ ಮಾತ್ರ ಉಳಿಯುತ್ತದೆ. ಫುಲ್ ಚೋಕಾದರೆ ನೂರಕ್ಕೆ 70ರಷ್ಟು. ಅಂದರೆ ನನ್ನ 300 ಕಾಳಿನಲ್ಲಿ 150 ವೃತ್ತದ ಆಚೆ. ಅದೂ 40ಕ್ಕೆ. ನಾನು ಹೊಡೆದದ್ದು 50ಕ್ಕೆ. ಪಕ್ಕದ ಚೌಕಟ್ಟು ನಾಲ್ಕೈದು ಅಡಿಯಲ್ಲೇ ಇತ್ತು. ಮೂರು ಈಡು ಹಾಕಿದೆ. ಭುಜ ಕಿತ್ತು ಬರುವ ಹಾಗಿತ್ತು. ದುರ್ಬೀನಿನಲ್ಲಿ ನೋಡಿದರೆ ನನ್ನ ಕಾಗದದಲ್ಲಿ ತೂತು ಅಲ್ಲೊಂದು ಇಲ್ಲೊಂದು. ಎಡಗಡೆ ಚೌಕಟ್ಟಿನ ಪ್ಲಾಸ್ಟಿಕ್ ಹಲಗೆ ಮಾತ್ರ ದೋಸೆ ಎದ್ದ ಹಾಗೆ! ಅಲ್ಲಿ ಒಬ್ಬರು ಬೆಳಗ್ಗೆಯಿಂದ ಹೊಸ ಸ್ಕೋಪಿಗೆ ಗುರಿ ಕೂಡಿಸುತ್ತ ಒಂದೊಂದೇ ತೂತನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದರಂತೆ. ಅವರ ಕಾಗದಕ್ಕೆ ನನ್ನದು ಇಪ್ಪತ್ತಕ್ಕೂ ಹೆಚ್ಚು. ಅವರು ಬೈದದ್ದನ್ನು ಕನ್ನಡಕ್ಕೆ ತರುವುದು ಬೇಡ.

ಮೇಲ್ವಿಚಾರಕ ಬಂದು ಕೇಳಿದ್ದು ಒಂದೇ ಮಾತು, ‘ಸರ್, ಬೋರ್ಡ್ ಓದಿದ್ರಾ?’ ನಾನು ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಬೇರೆ ಸಾಕ್ಷಿಯೇ ಬೇಕಾಗಲಿಲ್ಲ. ಎರಡು ಹಲಗೆ, ಒಂದು ಮರದ ಕಾಲು, 180 ಡಾಲರ್. ‘ಏನಾಗಲ್ಲ’ ಅಂದವನು ಅಷ್ಟರಲ್ಲಿ ಸಾಮಾನು ಕಟ್ಟಿಕೊಂಡು ಹೋಗಿಯೇ ಬಿಟ್ಟಿದ್ದ.

ಈಗ ಹೊಟ್ಟೆ ಉರಿಯುವ ಸಂಗತಿ ಕೇಳಿ. ಮನೆಯಿಂದ ಅರ್ಧ ಗಂಟೆ ದೂರದಲ್ಲಿ, ಹೈ ರಿಜ್‌ನ ಜೇ ಹೆಂಜಸ್ ರೇಂಜಿನಲ್ಲಿ, ಇದಕ್ಕೆಂದೇ ಬೇರೆ ಜಾಗವಿದೆ. ರಾಜ್ಯದ ಸಂರಕ್ಷಣಾ ಇಲಾಖೆಯದು. ಸೇಂಟ್ ಚಾರ್ಲ್ಸ್ ಕಡೆಯವರಿಗೆ ಬುಶ್ ಸಂರಕ್ಷಣಾ ಪ್ರದೇಶದಲ್ಲೂ ಇದೆ. ಸಿಬ್ಬಂದಿ ಇರುತ್ತಾರೆ, ದೂರ ಅಳೆದಿಟ್ಟಿರುತ್ತದೆ. 1976ರಲ್ಲಿ ಇಲ್ಲಿಯ ಜನ ಮತ ಹಾಕಿ ಒಪ್ಪಿದ, ನೂರು ಡಾಲರಿಗೆ ಹನ್ನೆರಡೂವರೆ ಸೆಂಟಿನ ಮಾರಾಟ ತೆರಿಗೆ ಆ ಇಲಾಖೆಗೆ ಹೋಗುತ್ತದೆ. ಅದರ ಮೇಲೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆ ಕೋವಿ, ತೋಟಾಗಳ ಮೇಲೆ 11% ಸುಂಕ. ವನ್ಯಜೀವಿ ಕೆಲಸಕ್ಕೂ ಇಂಥ ರೇಂಜುಗಳಿಗೂ ರಾಜ್ಯಗಳಿಗೆ ಹಂಚುವುದು ಆ ದುಡ್ಡನ್ನೇ. ಕೋವಿ ಕೊಂಡ ದಿನವೇ ನನ್ನ ಪಾಲು ಕೊಟ್ಟಾಗಿತ್ತು. ಆದರೂ ಊರೆಲ್ಲ ಸುತ್ತಿದೆ.

ಅಲ್ಲಿ ಮೊದಲು ಹಗುರ ತೋಟಾ ಹಾಕಿ 20 ಗಜದಿಂದ ಹೊಡೆಸಿದರು, ಚರೆಯ ನಡು ಎಲ್ಲಿ ಬೀಳುತ್ತದೆ ನೋಡಲು. ಗುರಿಯಿಟ್ಟ ಚುಕ್ಕಿಗಿಂತ 7 ಅಂಗುಲ ಮೇಲೆ, ಸ್ವಲ್ಪ ಎಡಕ್ಕೆ! ಕೋವಿಯದ್ದಲ್ಲ, ನನ್ನ ತಪ್ಪು. ಕೆನ್ನೆಯನ್ನು ಹಿಡಿಗೆ ಒತ್ತದೆ ತಲೆ ಎತ್ತುತ್ತಿದ್ದೆ. ಹತ್ತು ಅಂಗುಲದ ಲೆಕ್ಕದಲ್ಲಿ ಇದು ಹಕ್ಕಿಯ ತಲೆ ಮೇಲಿಂದ ಹಾರಿಹೋಗುವಷ್ಟು. ಅದು ಸರಿಯಾದ ಮೇಲೆ ಫುಲ್ ಚೋಕ್ ಹಾಕಿ ಟರ್ಕಿ ತೋಟಾದಿಂದ 40 ಗಜಕ್ಕೆ ಹೊಡೆದರೆ ವೃತ್ತದೊಳಗೆ 61. ಟರ್ಕಿ ಚೋಕ್ ಕೊಂಡು ಹಾಕಿದ ಮೇಲೆ 88. ಅದೇ 30 ಗಜಕ್ಕೆ 140 ದಾಟಿತು. ನನ್ನ ಎಲ್ಲೆ 35 ಗಜ ಅಂತ ಬರೆದುಕೊಂಡೆ. ಕಾಡಿನಲ್ಲಿ 50 ಗಜದ ಹಕ್ಕಿ ಎಷ್ಟೇ ಕುಣಿದರೂ ಕೋವಿಯ ಕುದುರೆ (ಟ್ರಿಗರ್) ಎಳೆಯುವುದಿಲ್ಲ.

ಬೇರೆ ರಾಜ್ಯದಲ್ಲಿರುವವರು ಫೋನ್ ಮಾಡಿದಾಗ ‘ಶಾಟ್‌ಗನ್’ ಅಂತ ನಿಲ್ಲಿಸಬೇಡಿ. ‘ನಂಬರ್ 5 ಚರೆಯ ಟರ್ಕಿ ತೋಟಾ, ನಿಂತ ಕಾಗದಕ್ಕೆ, 40 ಗಜದಿಂದ, ಪ್ಯಾಟರ್ನ್ ಮಾಡಬೇಕು’ ಅಂತ ಬಿಡಿಸಿ ಹೇಳಿ. ಚೌಕಟ್ಟು ಅವರದೋ ನಾವು ತರಬೇಕೋ ಕೇಳಿ, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಮಾಮೂಲಿ ಗುರಿಕಾಗದ ಸಾಲದು, ಮೂರಡಿ ಅಗಲದ ಕಂದು ಕಾಗದದ ಸುರುಳಿ ಒಯ್ಯಿರಿ. ಭಾರದ ತೋಟಾ ಮೂರು ನಾಲ್ಕಕ್ಕಿಂತ ಹೆಚ್ಚು ಹೊಡೆದರೆ ಒದೆತಕ್ಕೆ ಹೆದರಿ ಕೈ ತಾನಾಗಿ ಅಲುಗುತ್ತದೆ, ಆಮೇಲಿನ ಲೆಕ್ಕವೆಲ್ಲ ಸುಳ್ಳು. ಮುಗಿದ ಮೇಲೆ ಕೈ ತೊಳೆಯದೆ ಚಿಪ್ಸ್ ಪ್ಯಾಕೆಟ್ ಬಿಚ್ಚಬೇಡಿ, ಅದು ಸೀಸ.

ಕೆಲವರು ಮಾರ್ಕ್ ಟ್ವೈನ್ ರಾಷ್ಟ್ರೀಯ ಅರಣ್ಯಕ್ಕೆ ಹೋಗಿ ಹೊಡೆದು ಬರುತ್ತಾರೆ. ರಾಷ್ಟ್ರೀಯ ಅರಣ್ಯಗಳಲ್ಲಿ ಮನೆ, ಕ್ಯಾಂಪು, ಜನರಿರುವ ಜಾಗದಿಂದ 150 ಗಜದೊಳಗೆ ಹೊಡೆಯುವಂತಿಲ್ಲ, ರಸ್ತೆಗೆ, ನೀರಿಗೆ ಅಡ್ಡವಾಗಿಯೂ ಇಲ್ಲ. ಹಿಂದೆ ಮಣ್ಣಿನ ದಿಬ್ಬ ಬೇಕು, ಖಾಲಿ ತೋಟಾ, ಕಾಗದ ಎಲ್ಲ ಹೆಕ್ಕಿ ತರಬೇಕು. ಅಲ್ಲಿಯ ಅರಣ್ಯ ಕಚೇರಿಗೆ ಮೊದಲು ಕೇಳಿಕೊಳ್ಳಿ. ಮೊದಲ ಸಲಕ್ಕೆ ನಾನಂತೂ ಅದನ್ನು ಹೇಳುವುದಿಲ್ಲ.

ದಾವಣಗೆರೆಯವನು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿದ. 1967ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆ ಇಲ್ಲಿ ಅದು ಕಡ್ಡಾಯ. ಲೈಸೆನ್ಸೂ ಬಂತು. ಮುಂದಿನ ಶನಿವಾರ ಇಬ್ಬರೂ ಹೈ ರಿಜ್‌ಗೆ ಹೋಗುತ್ತಿದ್ದೇವೆ. ಕಾಗದದ ಸುರುಳಿ ಇನ್ನೂ ಅರ್ಧ ಉಳಿದಿದೆ, ಬರುವವರಿದ್ದರೆ ತಿಳಿಸಿ. ವೀಸಾದವರು ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡೇ ಬನ್ನಿ. ಟೇಪ್ ಮಾತ್ರ ಮುಗಿದಿದೆ, ಯಾರಾದರೂ ತನ್ನಿ.